ಹೆಬ್ಬೆರಳೇ ಬೀಗ

ಜಾತ್ರೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ತಾಯಿ, ಮಗ ಇಬ್ಬರೂ ನಮ್ಮ ಜಗುಲಿ ಹತ್ತಿದರು. ಬಂದದ್ದು ನ್ಯಾಯಕ್ಕೆ. ಹುಡುಗನಿಗೆ ಹನ್ನೆರಡು ವರ್ಷ, ಓದುತ್ತಿರುವುದು ಏಳನೆಯ ತರಗತಿ. ಜಾತ್ರೆಯ ಖರ್ಚಿಗೆಂದು ಅಜ್ಜ ಕೊಟ್ಟ ದುಡ್ಡಿನಲ್ಲಿ ಅವನು ಬೆಂಡು ಬತ್ತಾಸು ಕೊಂಡಿರಲಿಲ್ಲ, ತೊಟ್ಟಿಲು ಹತ್ತಿರಲಿಲ್ಲ. ಮಡಿಸುವ ಚಾಕು ಕೊಂಡಿದ್ದ. ಮೀನಿನ ಆಕಾರದ ಹಿತ್ತಾಳೆ ಹಿಡಿ, ಅದರ ಹೊಟ್ಟೆಯೊಳಗೆ ಬೆರಳುದ್ದದ ಅಲಗು. ನಮ್ಮ ಜಾತ್ರೆಗಳಲ್ಲಿ ಬಳೆ, ಪೀಪಿಗಳ ನಡುವೆ ಹರವಿಕೊಂಡು ಮಾರುವ ಅದೇ ಚಾಕು.

"ನೀವೇ ಹೇಳಿ ಅಣ್ಣ, ಇದು ಮಕ್ಕಳು ಇಟ್ಟುಕೊಳ್ಳೋ ಸಾಮಾನಾ? ಪೇಪರ್ ಬಿಡಿಸಿದರೆ ದಿನಾ ಅಲ್ಲಿ ಇರಿದ, ಇಲ್ಲಿ ಇರಿದ ಅಂತಲೇ ಸುದ್ದಿ. ನಾಳೆ ಸ್ಕೂಲ್ ಬ್ಯಾಗಿನಲ್ಲಿ ಸಿಕ್ಕಿದರೆ ಹೆಡ್‌ಮಾಸ್ಟರು ಸುಮ್ಮನಿರ್ತಾರಾ?" ಎಂದು ತಾಯಿ.

"ಮಾಮ, ನಾನು ಯಾರಿಗೂ ಏನೂ ಮಾಡಲ್ಲ. ಪೆನ್ಸಿಲ್ ಚೂಪು ಮಾಡೋಕೆ, ಮಾವಿನಕಾಯಿ ಹೆಚ್ಚೋಕೆ ಅಷ್ಟೇ" ಎಂದು ಮಗ.

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಎರಡೂ ಕಡೆಯವರು ಸರಿ ಇರುವ ವ್ಯಾಜ್ಯವನ್ನು ತೀರ್ಮಾನಿಸುವುದು ಕಷ್ಟ. ಅವರು ನನ್ನ ಬಳಿಗೇ ಬರಲು ಕಾರಣವಿದೆ. ನಮ್ಮ ಮನೆಯ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಡಿಸುವ ಚಾಕುಗಳಿವೆ. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ನಾಣ್ಯ; ನನಗೆ ಇದರ ಹುಚ್ಚು. ಡಬ್ಬಿ ತಂದು ಮುಚ್ಚಳ ತೆಗೆದೆ. ಹುಡುಗನ ಕಣ್ಣು ಅರಳಿತು, ತಾಯಿಯ ಹುಬ್ಬು ಗಂಟಿಕ್ಕಿತು.

ಅದರಿಂದ ಒಂದೇ ಒಂದು ಚಾಕು ತೆಗೆದು ಮೊದಲು ತಾಯಿಯ ಮುಂದಿಟ್ಟೆ. ಅದು ನೋಡಲು ಏನೂ ಚೆಂದವಿಲ್ಲ. ಹಿತ್ತಾಳೆಯ ತಗಡನ್ನು ಉದ್ದಕ್ಕೆ ಮಡಚಿದ ಹಿಡಿ, ಅದರ ಮೇಲೆ ಜಪಾನಿ ಲಿಪಿಯಲ್ಲಿ ಒತ್ತಿದ ಹೆಸರು, ಒಂದು ಗುಬುಟು ಮೊಳೆ, ಒಂದು ಅಲಗು. ಅಲಗಿನ ಬುಡದಲ್ಲಿ ಹಿಡಿಯಿಂದ ಹೊರಗೆ ಚಾಚಿಕೊಂಡ ಒಂದು ಪುಟ್ಟ ಬಾಲ. ಸ್ಪ್ರಿಂಗ್ ಇಲ್ಲ, ಬೀಗವಿಲ್ಲ, ಗುಂಡಿಯಿಲ್ಲ. ಇದರ ಹೆಸರು ಹಿಗೊನೊಕಾಮಿ. ಒಂದು ಕಾಲದಲ್ಲಿ ಜಪಾನಿನ ಶಾಲಾ ಹುಡುಗರ ಜೇಬಿನಲ್ಲಿ ಇದು ಇದ್ದೇ ಇರುತ್ತಿತ್ತು. ಅದರ ಕಥೆಯನ್ನು ಅಂದು ಆ ತಾಯಿ ಮಗನಿಗೆ ಹೇಳಿದೆ. ಇಂದು ನಿಮಗೆ ಹೇಳುತ್ತಿದ್ದೇನೆ.

ಮಡಿಸುವ ಚಾಕಿನ ಚರಿತ್ರೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ತೆರೆದ ಅಲಗು ಕೈಮೇಲೆ ಮಡಿಚಿಕೊಳ್ಳದಂತೆ ಹಿಡಿದು ನಿಲ್ಲಿಸುವವರು ಯಾರು? ಅಲಗನ್ನು ಹಿಡಿಯೊಳಗೆ ಮಡಚಿದರೆ ಜೇಬಿನಲ್ಲಿ ಒಯ್ಯಬಹುದು ಎಂಬುದು ಮನುಷ್ಯನಿಗೆ ಬಹಳ ಹಿಂದೆಯೇ ಹೊಳೆದಿತ್ತು. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತ ಮೂಳೆ ಹಿಡಿಯ ಮಡಿಸುವ ಚಾಕು ಕ್ರಿಸ್ತಪೂರ್ವ 600ರಿಂದ 500ರ ನಡುವಿನದು. ಇಂಗ್ಲೆಂಡಿನ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನ್ನರ ಕಾಲದ ಒಂದು ಬೆಳ್ಳಿಯ ಉಪಕರಣವಿದೆ. ಕ್ರಿಸ್ತಶಕ ಮೂರನೆಯ ಶತಮಾನದ ಅದರಲ್ಲಿ ಚಾಕು, ಚಮಚ, ಮುಳ್ಳುಚಮಚ, ಕಡ್ಡಿ ಎಲ್ಲವೂ ಮಡಿಸಿ ಕೂತಿವೆ. ಇಂಥ ಹಳೆಯ ಚಾಕುಗಳಲ್ಲಿ ಅಲಗನ್ನು ತಡೆದು ನಿಲ್ಲಿಸುತ್ತಿದ್ದುದು ಮೊಳೆಯ ಬಿಗಿ ಮತ್ತು ಹಿಡಿದವನ ಜಾಗ್ರತೆ, ಇವೆರಡೇ.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಕಮ್ಮಾರರು ಬೇರೊಂದು ಉತ್ತರ ಕಂಡುಕೊಂಡರು. ಹಿಡಿಯ ಬೆನ್ನಿನ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ ಕೂಡಿಸಿದರು. ಅಲಗಿನ ಬುಡವನ್ನು ಹೆಚ್ಚುಕಡಿಮೆ ಚೌಕಾಕಾರಕ್ಕೆ ಅರೆದರು. ಪಟ್ಟಿ ಸದಾ ಆ ಬುಡವನ್ನು ಒತ್ತುತ್ತಿರುತ್ತದೆ. ಬುಡದ ಚಪ್ಪಟೆ ಮುಖ ಪಟ್ಟಿಗೆ ಎದುರಾದಾಗ ಅಲಗು ನಿಲ್ಲುತ್ತದೆ. ಮೂಲೆ ದಾಟುವಾಗ ಪಟ್ಟಿ ಬಾಗಿ, ದಾಟಿದೊಡನೆ 'ಟಕ್' ಎಂದು ಕೂರುತ್ತದೆ. ಹಳೆಯ ಚಾಕು ಕೂಡಿಡುವವರು ಮೊದಲು ಕಿವಿಗೊಟ್ಟು ಕೇಳುವುದೇ ಈ ಸದ್ದನ್ನು. ಸದ್ದು ಗಟ್ಟಿಯಾಗಿದ್ದರೆ ಪಟ್ಟಿಗೆ ಇನ್ನೂ ಜೀವವಿದೆ ಎಂದು ಲೆಕ್ಕ. ಆದರೆ ಒಂದು ಮಾತು ನೆನಪಿಡಬೇಕು. ಈ ಪಟ್ಟಿ ಅಲಗನ್ನು ತಡೆಯುತ್ತದೆಯೇ ಹೊರತು ಬೀಗ ಹಾಕುವುದಿಲ್ಲ. ಅಲಗಿನ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಅದು ಬೆರಳ ಮೇಲೆಯೇ ಮಡಿಚಿಕೊಳ್ಳುತ್ತದೆ.

ಸ್ವಿಟ್ಜರ್‌ಲೆಂಡಿನ ಇಬಾಖ್ ಎಂಬ ಊರಿನಲ್ಲಿ 1884ರಲ್ಲಿ ಕಾರ್ಖಾನೆ ತೆರೆದ ಕಾರ್ಲ್ ಎಲ್ಸೆನರ್ ಇದೇ ಪಟ್ಟಿಯಿಂದ ಇನ್ನೂ ಹೆಚ್ಚಿನ ಕೆಲಸ ತೆಗೆದ. ಸೈನಿಕರಿಗೆ ಹೊಸ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯ ಆಹಾರ ತೆರೆಯಲು ಒಂದು ಕೊಕ್ಕೆ ಬೇಕಿತ್ತು. 1891ರಿಂದ ಅವನು ಅಂಥ ಚಾಕುಗಳನ್ನು ಸೈನ್ಯಕ್ಕೆ ಒದಗಿಸಿದ. 1897ರಲ್ಲಿ, ಹಿಡಿಯ ಒಂದೇ ಪಟ್ಟಿ ಎರಡೂ ಮಗ್ಗುಲಿನ ಉಪಕರಣಗಳನ್ನು ಹಿಡಿಯುವಂತೆ ಮಾಡಿ ಹಗುರವಾದ ಚಾಕು ರೂಪಿಸಿದ. ಕೆಂಪು ಹಿಡಿಯ ಮೇಲೆ ಬಿಳಿ ಶಿಲುಬೆಯ ಆ ಚಾಕನ್ನು ಇಂದು ಗುರುತಿಸದವರು ಕಡಿಮೆ.

ಫ್ರಾನ್ಸಿನ ಸವಾಯ್ ಪರ್ವತ ಪ್ರದೇಶದಲ್ಲಿ ಜೋಸೆಫ್ ಒಪಿನೆಲ್ ಎಂಬ ಯುವಕ 1890ರಲ್ಲಿ ಮರದ ಹಿಡಿಯ ಸರಳ ಚಾಕು ಮಾಡಿದ. ರೈತರ ಜೇಬಿಗೆ ಹೇಳಿಮಾಡಿಸಿದಂತಿದ್ದ ಅದರಲ್ಲಿ ಮೊದಲಿಗೆ ಬೀಗವಿರಲಿಲ್ಲ. 1955ರಲ್ಲಿ ಅದೇ ಮನೆತನದ ಮಾರ್ಸೆಲ್ ಒಪಿನೆಲ್ ಕತ್ತಿನಲ್ಲಿ ತಿರುಗುವ ಒಂದು ಉಂಗುರ ತೊಡಿಸಿದ. ಅಲಗು ತೆರೆದು ಉಂಗುರ ತಿರುಗಿಸಿದರೆ ಸಾಕು, ಅಲಗು ಮಡಿಚುವುದಿಲ್ಲ. ಇನ್ನು ನಮ್ಮ ಉತ್ತರ ಪ್ರದೇಶದ ರಾಮ್‌ಪುರದ ಚಾಕಿನದು ಬೇರೆಯೇ ಕಥೆ. ಗುಂಡಿ ಒತ್ತಿದೊಡನೆ ಅಲಗು ಹೊರಗೆ ಬರುವ ಆ ಚಾಕನ್ನು ಹಿಂದಿ ಸಿನಿಮಾಗಳು ಖಳನಾಯಕರ ಕೈಗೆ ಕೊಟ್ಟು ಹೆಸರು ಕೆಡಿಸಿದವು. ಆ ಊರಿಗೆ ಮಾತ್ರ ತನ್ನ ಕಮ್ಮಾರರ ಕಸುಬಿನ ಮೇಲೆ ಅಭಿಮಾನ. 2023ರಲ್ಲಿ ಅಲ್ಲಿಯ ಒಂದು ವೃತ್ತದಲ್ಲಿ ಸುಮಾರು 20 ಅಡಿ ಉದ್ದದ ಚಾಕಿನ ಪ್ರತಿಕೃತಿಯನ್ನೇ ನಿಲ್ಲಿಸಿದ್ದಾರೆ. ಪಕ್ಕದ ಮನೆಯ ತಾಯಿಯ ಭಯದಲ್ಲಿ ಅರ್ಧ ಪಾಲು ಪತ್ರಿಕೆಯದಾದರೆ ಇನ್ನರ್ಧ ಆ ಸಿನಿಮಾಗಳ 'ಖಟ್' ಎಂಬ ಸದ್ದಿನದು.

ಪಟ್ಟಿ, ಉಂಗುರ, ಗುಂಡಿ. ಇಷ್ಟೆಲ್ಲ ಉತ್ತರಗಳಿರುವಾಗ ಹಿಗೊನೊಕಾಮಿಯ ಉತ್ತರವೇನು? ಅಲಗು ತೆರೆದಾಗ ಬುಡದ ಪುಟ್ಟ ಬಾಲ ಹಿಡಿಯ ಬೆನ್ನಿನ ಮೇಲೆ ಬಂದು ಮಲಗುತ್ತದೆ. ಅದರ ಮೇಲೆ ಹೆಬ್ಬೆರಳು ಇಟ್ಟು ಅದುಮಿ ಹಿಡಿದು ಕೆಲಸ ಮಾಡಬೇಕು. ಹೆಬ್ಬೆರಳು ಇರುವಷ್ಟು ಹೊತ್ತು ಅಲಗು ನಿಲ್ಲುತ್ತದೆ. ಮಾತಿಗೆ ಮೈಮರೆತು ಬೆರಳು ಸಡಿಲಿಸಿದರೆ ನಿಲ್ಲುವುದಿಲ್ಲ. ಅಂದರೆ ಈ ಚಾಕಿನ ಬೀಗ ಚಾಕಿನಲ್ಲಿ ಇಲ್ಲ, ಹಿಡಿದವನ ಗಮನದಲ್ಲಿದೆ. ಇದನ್ನು ಹೇಳಿದಾಗ ಹುಡುಗ ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಈ ಚಾಕು ಹುಟ್ಟಿದ್ದು ಜಪಾನಿನ ಹ್ಯೋಗೊ ಪ್ರಾಂತ್ಯದ ಮಿಕಿ ಎಂಬ ಊರಿನಲ್ಲಿ. ಅದು ಬಡಗಿಗಳ ಉಳಿ, ಗರಗಸ, ಕೀಸುಳಿಗಳಿಗೆ ಹೆಸರಾದ ಊರು. 1580ರಲ್ಲಿ ಮುಗಿದ ದೀರ್ಘ ಮುತ್ತಿಗೆಯಲ್ಲಿ ಅಲ್ಲಿಯ ಕೋಟೆ ಬಿದ್ದು ಊರು ಹಾಳಾಯಿತು. ಅದನ್ನು ಮತ್ತೆ ಕಟ್ಟಲು ಬಂದ ಬಡಗಿಗಳ ಜೊತೆ ಕಮ್ಮಾರರೂ ನೆಲೆ ನಿಂತರು. ಸುಮಾರು 300 ವರ್ಷಗಳ ನಂತರ, 1876ರಲ್ಲಿ, ಜಪಾನ್ ಸರ್ಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ನಿಷೇಧಿಸಿತು. ಸಮುರಾಯ್‌ಗಳ ಸೊಂಟದಿಂದ ಕತ್ತಿ ಇಳಿಯಿತು. ಖಡ್ಗ ಮಾಡುತ್ತಿದ್ದ ಎಷ್ಟೋ ಕಮ್ಮಾರರು ಅಡುಗೆಮನೆಯ ಕತ್ತಿಗೆ, ಬಡಗಿಯ ಉಳಿಗೆ, ರೈತನ ಕುಡುಗೋಲಿಗೆ ಕೈ ಬದಲಾಯಿಸಬೇಕಾಯಿತು. 1890ರ ದಶಕದಲ್ಲಿ ಮಿಕಿಯ ಒಬ್ಬ ಕಬ್ಬಿಣ ಸಾಮಾನಿನ ವರ್ತಕ ದಕ್ಷಿಣದ ಕ್ಯೂಶೂ ದ್ವೀಪದಿಂದ ಒಂದು ಚಾಕು ತಂದು, ಅದರ ಮಾದರಿಯಲ್ಲಿ ಹೊಸದನ್ನು ಮಾಡಿಸಿದ. ಮೊದಲಿಗೆ ಹೆಚ್ಚು ಮಾರಾಟವಾದದ್ದೂ ಕ್ಯೂಶೂ ಕಡೆಯೇ. ಅಲ್ಲಿಯ ಹಳೆಯ ಪ್ರಾಂತ್ಯದ ಹೆಸರು ಹಿಗೊ, ಇಂದಿನ ಕುಮಾಮೊಟೊ. 'ಹಿಗೊನೊಕಾಮಿ' ಎಂದರೆ 'ಹಿಗೊ ಪ್ರಾಂತ್ಯದ ಒಡೆಯ'. ಪೆನ್ಸಿಲ್ ಚೂಪು ಮಾಡುವ ಚಾಕಿಗೆ ಪಾಳೆಯಗಾರನ ಬಿರುದು!

ಒಳ್ಳೆಯ ಹಿಗೊನೊಕಾಮಿಯ ಅಲಗು ಮೂರು ಪದರದ್ದು. ನಡುವೆ ಗಟ್ಟಿ ಉಕ್ಕು, ಎರಡು ಮಗ್ಗುಲಿಗೆ ಮೆದು ಕಬ್ಬಿಣ. ಗಟ್ಟಿ ಉಕ್ಕು ಬಾಯಿಯ ಹರಿತ ಕಾಯುತ್ತದೆ. ಮೆದು ಕಬ್ಬಿಣ ಪೆಟ್ಟು ತಡೆದುಕೊಳ್ಳುತ್ತದೆ, ಸಾಣೆಗೂ ಬೇಗ ಬಗ್ಗುತ್ತದೆ. ನಮ್ಮ ಹಳ್ಳಿಯ ಕುಲುಮೆಗಳಲ್ಲಿ ಕತ್ತಿ, ಕೊಡಲಿಗಳ ಬಾಯಿಗೆ ಉಕ್ಕು ಕೂಡಿಸಿ ಹದ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರದ ಎರಡು ದೇಶಗಳ ಕಮ್ಮಾರರಿಗೆ ಬೆಂಕಿ ಕಲಿಸಿದ ಪಾಠ ಒಂದೇ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಪಾನಿನ ಮಕ್ಕಳು ಈ ಚಾಕಿನಿಂದ ಪೆನ್ಸಿಲ್ ಕೆತ್ತಿದರು. ಬಿದಿರು ಸೀಳಿ ಅಂಗೈಯಲ್ಲಿ ಉಜ್ಜಿ ಹಾರಿಸುವ 'ಬಿದಿರು ಏರೋಪ್ಲೇನು ಚಿಟ್ಟೆ' ಮಾಡಿದರು. ಹಣ್ಣು ಸುಲಿದರು, ಗಾಳಿಪಟದ ಕಡ್ಡಿ ತೆಳುವು ಮಾಡಿದರು, ಬೆರಳು ಕೊಯ್ದುಕೊಂಡರು, ಮತ್ತೆ ಕೆತ್ತಿದರು. ನಮ್ಮಲ್ಲಿ ಮೆಂಡರ್ ಬರುವ ಮೊದಲು ಅಪ್ಪ ಗಡ್ಡ ಕೆರೆದು ಬಿಟ್ಟ ಅರ್ಧ ಬ್ಲೇಡಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದೆವಲ್ಲ, ಹಾಗೆ. ಆ ಬ್ಲೇಡಿಗೆ ಹಿಡಿಯೂ ಇರಲಿಲ್ಲ!

ಆಮೇಲೆ 1960 ಬಂತು. ಆ ವರ್ಷ ಅಕ್ಟೋಬರ್ 12ರಂದು ಟೋಕಿಯೊದ ಹಿಬಿಯ ಸಭಾಂಗಣದಲ್ಲಿ ಜಪಾನ್ ಸಮಾಜವಾದಿ ಪಕ್ಷದ ನಾಯಕ ಇನೆಜಿರೊ ಅಸಾನುಮಾ ಭಾಷಣ ಮಾಡುತ್ತಿದ್ದಾಗ ಹದಿನೇಳು ವರ್ಷದ ಹುಡುಗನೊಬ್ಬ ವೇದಿಕೆಗೆ ನುಗ್ಗಿ ಇರಿದು ಕೊಂದ. ಟೆಲಿವಿಷನ್ ಕ್ಯಾಮೆರಾಗಳ ಎದುರೇ ನಡೆದ ಈ ಕೊಲೆ ದೇಶವನ್ನು ನಡುಗಿಸಿತು. 'ಮಕ್ಕಳ ಕೈಗೆ ಚೂಪು ವಸ್ತು ಬೇಡ' ಎಂಬ ಚಳವಳಿ ಊರೂರಿಗೆ ಹಬ್ಬಿತು. ಶಾಲೆಗಳು, ಪೋಷಕರು ಚಾಕುಗಳನ್ನು ಮಕ್ಕಳಿಂದ ಬಿಡಿಸಿದರು. ಗಮನಿಸಿ, ಕೊಲೆಗಾರನ ಕೈಯಲ್ಲಿದ್ದುದು ಹಿಗೊನೊಕಾಮಿಯಲ್ಲ, ಸಮುರಾಯ್ ಕಾಲದ ಮಾದರಿಯ ಕಿರುಗತ್ತಿ. ತಪ್ಪು ಕಿರುಗತ್ತಿಯದು, ಶಿಕ್ಷೆ ಪೆನ್ಸಿಲ್ ಚಾಕಿಗೆ.

ಹಾಗೆಂದು ಅಂದಿನ ತಾಯಂದಿರನ್ನು ದೂರಲಾರೆ. ಹದಿನೇಳರ ಹುಡುಗನೊಬ್ಬ ಹಾಗೆ ಮಾಡಿದ್ದನ್ನು ಕಂಡ ಯಾವ ತಾಯಿಯ ಎದೆ ತಾನೆ ಹೊಡೆದುಕೊಳ್ಳದು? ಕಾಲವೂ ಚಾಕಿನ ಪರವಾಗಿರಲಿಲ್ಲ. ಹಿಡಿ ತಿರುಗಿಸುವ ಪೆನ್ಸಿಲ್ ಮೆಂಡರ್‌ಗಳು, ವಿದ್ಯುತ್ ಮೆಂಡರ್‌ಗಳು ಮನೆ ಮನೆಗೆ ಬಂದವು. ಅದಕ್ಕೂ ಮೊದಲೇ, 1956ರಲ್ಲಿ, ಒಸಾಕಾದ ಯೋಶಿಯೊ ಒಕಾದಾ ಎಂಬಾತ ಮೊಂಡಾದ ತುದಿಯನ್ನು ಮುರಿದು ಹೊಸ ಅಂಚು ಪಡೆಯುವ ಕಟರ್ ಕಂಡುಹಿಡಿದಿದ್ದ. ಗೀರು ಹಾಕಿದ ಚಾಕೊಲೇಟ್ ಬಿಲ್ಲೆ ತುಂಡಾಗುವ ರೀತಿ, ಒಡೆದ ಗಾಜಿನ ಚೂಪಾದ ಅಂಚು, ಇವೆರಡನ್ನು ಸೇರಿಸಿ ಹೊಳೆದ ಉಪಾಯವದು. ಇಂದು ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಪೇಪರ್ ಕಟರ್ ಅದರದೇ ಸಂತಾನ. ಸಾಣೆ ಹಿಡಿಯುವ ತಾಪತ್ರಯವೇ ಇಲ್ಲವೆಂದ ಮೇಲೆ ಸಾಣೆ ಹಿಡಿಯುವ ಚಾಕು ಯಾರಿಗೆ ಬೇಕು? ಒಂದು ಕಾಲದಲ್ಲಿ ಮಿಕಿಯಲ್ಲಿ ಹತ್ತಾರು ಕುಟುಂಬಗಳು ಸಂಘ ಕಟ್ಟಿಕೊಂಡು ಹಿಗೊನೊಕಾಮಿ ಮಾಡುತ್ತಿದ್ದವು. ಕೊನೆಗೆ ಆ ಹೆಸರನ್ನು ಒತ್ತುವ ಹಕ್ಕಿನೊಡನೆ ಉಳಿದದ್ದು ಒಂದೇ ಒಂದು ಕುಲುಮೆ. ಅದನ್ನು ನಡೆಸುವವರು ನಾಗಾವೊ ಮನೆತನದವರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಆ ತಾಯಿಗೆ ಹೇಳುತ್ತಿರಲಿಲ್ಲ. ಚಾಕು ಹೋದ ಮೇಲೆ ಮಕ್ಕಳ ಬೆರಳು ಕೊಯ್ಯುವುದು ತಪ್ಪಿತು, ನಿಜ. ಆದರೆ ಸೇಬಿನ ಸಿಪ್ಪೆ ತೆಗೆಯಲು ಬಾರದ, ಪೆನ್ಸಿಲ್ ಕೆತ್ತಲು ಬಾರದ ಮಕ್ಕಳನ್ನು ಕಂಡು ಕೆಲವು ಮೇಷ್ಟರು ಯೋಚನೆಗೆ ಬಿದ್ದರು. ನಾಗಾನೊ ಪ್ರಾಂತ್ಯದ ಇಕೆದಾ ಎಂಬ ಊರಿನ ಒಂದು ಪ್ರಾಥಮಿಕ ಶಾಲೆ 1980ರ ದಶಕದಲ್ಲಿ ಎಲ್ಲರೂ ಹುಬ್ಬೇರಿಸುವ ಕೆಲಸ ಮಾಡಿತು. ಹೊಸದಾಗಿ ಸೇರಿದ ಒಂದನೆಯ ತರಗತಿಯ ಮಕ್ಕಳಿಗೆ ಒಂದೊಂದು ಹಿಗೊನೊಕಾಮಿ ಕೊಟ್ಟು, ಪೆನ್ಸಿಲ್ಲನ್ನು ಅದರಲ್ಲೇ ಕೆತ್ತಿಕೊಳ್ಳುವ ಪದ್ಧತಿ ತಂದಿತು. ಆರು ವರ್ಷದ ಮಗುವಿನ ಕೈಗೆ ಚಾಕು! ಆದರೆ ಕೊಟ್ಟು ಕೈಬಿಡಲಿಲ್ಲ, ಕೂರಿಸಿ ಕಲಿಸಿದರು. ಆ ಪದ್ಧತಿ ಒಂದೆರಡು ವರ್ಷದ ಉತ್ಸಾಹವಾಗಿ ನಿಲ್ಲದೆ ದಶಕಗಳ ಕಾಲ ನಡೆದುಕೊಂಡು ಬಂತು.

ಕಲಿಸುವ ಕ್ರಮ ಸರಳ. ಚಾಕು ಹಿಡಿದ ಕೈ ಅಲ್ಲಾಡಬಾರದು. ಪೆನ್ಸಿಲ್ ಹಿಡಿದ ಕೈಯ ಹೆಬ್ಬೆರಳನ್ನು ಅಲಗಿನ ಬೆನ್ನಿಗೆ ಆನಿಸಿ ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ಅಲಗು ಮೈಯಿಂದ ಆಚೆಗೆ ಹೋಗಬೇಕು, ಮೈಕಡೆಗೆ ಬರಬಾರದು. ಒಂದು ಸುತ್ತು ಕೆತ್ತಿದ ಮೇಲೆ ಪೆನ್ಸಿಲ್ಲನ್ನು ಸ್ವಲ್ಪ ತಿರುಗಿಸಿ ಇನ್ನೊಂದು ಸುತ್ತು. ನಾಲ್ಕು ದಿನಕ್ಕೆ ಕೈ ಕೂರುತ್ತದೆ. ನಾವು ಅರ್ಧ ಬ್ಲೇಡಿನಲ್ಲಿ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ, ಯಾರೂ ಕಲಿಸಿರಲಿಲ್ಲ ಅಷ್ಟೆ.

ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯ ಹೇಳಬೇಕು. ಲೇಖನಿ ಖಡ್ಗಕ್ಕಿಂತ ಹರಿತ ಎಂದು ಪ್ರಬಂಧ ಬರೆಯುತ್ತೀರಲ್ಲ, ಲೇಖನಿಗೂ ಚಾಕಿಗೂ ವೈರವೇ ಇರಲಿಲ್ಲ. ಯೂರೋಪಿನಲ್ಲಿ ಹಕ್ಕಿಯ ಗರಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಗರಿಯ ತುದಿಯನ್ನು ಆಗಾಗ ಕೆತ್ತಿ ಸೀಳಬೇಕಿತ್ತು. ಅದಕ್ಕೆಂದೇ ಇದ್ದ ಪುಟ್ಟ ಚಾಕಿಗೆ 'ಪೆನ್ ನೈಫ್' ಎಂಬ ಹೆಸರು ಬಂತು. ಗರಿ ಹೋಗಿ ಲೋಹದ ನಿಬ್ಬು ಬಂದ ಮೇಲೂ ಹೆಸರು ಮಾತ್ರ ಉಳಿಯಿತು. ನಮ್ಮ ದಕ್ಷಿಣ ಭಾರತದಲ್ಲಿ ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು ಬರೆಯುತ್ತಿದ್ದರು. ಗರಿಯ ಅಂಚನ್ನು ಸಮನಾಗಿ ಕತ್ತರಿಸಲು ಲಿಪಿಕಾರನಿಗೆ ಚಾಕೂ ಬೇಕಿತ್ತು. ಹೀಗಾಗಿ ಒಂದೇ ಹಿಡಿಯ ಒಂದು ತುದಿಗೆ ಬರೆಯುವ ಕಂಠ, ಇನ್ನೊಂದು ತುದಿಗೆ ಚಾಕು, ಎರಡೂ ಹಿಡಿಯೊಳಗೆ ಮಡಿಚಿಕೊಳ್ಳುವಂಥ ಉಪಕರಣಗಳು ಇದ್ದವು. ತಮಿಳಿನಲ್ಲಿ ಅದಕ್ಕೆ 'ಮಡಕ್ಕೆಳುತ್ತಾಣಿ' ಎನ್ನುತ್ತಾರೆ, ಮಡಿಸುವ ಕಂಠ ಎಂದೇ ಅರ್ಥ. ಮಹಾನವಮಿಯ ಹೊತ್ತಿಗೆ ನಾವು ಪುಸ್ತಕ, ಲೇಖನಿಗಳನ್ನೂ ಕತ್ತಿ, ಕುಡುಗೋಲುಗಳನ್ನೂ ಪೂಜೆಗೆ ಇಡುವವರಲ್ಲವೆ? ಅವೆರಡೂ ಒಂದೇ ಹಿಡಿಯಲ್ಲಿ ಕೂತಿದ್ದ ಕಾಲವೂ ಇತ್ತು.

ಇಷ್ಟು ಹೇಳಿದ್ದಕ್ಕೆ ನಾನು ಹುಡುಗನ ಪರ ವಕಾಲತ್ತು ವಹಿಸಿದೆ ಎಂದುಕೊಳ್ಳಬೇಡಿ. ಅವನಿಗೂ ಕೆಲವು ಕಹಿ ಮಾತು ಹೇಳಬೇಕಾಯಿತು.

ಮೊದಲನೆಯದು, ಚಾಕು ಶಾಲೆಗೆ ಹೋಗಕೂಡದು. ಗೆಳೆಯರಿಗೆ ತೋರಿಸಲೆಂದು ಒಂದೇ ದಿನವೂ ಕೂಡದು. ಶಾಲೆಯ ಅಂಗಳದಲ್ಲಿ ಜಗಳ ಯಾರ ನಡುವೆಯಾದರೂ ಹತ್ತಬಹುದು. ಆ ಹೊತ್ತಿಗೆ ಚಾಕು ಹತ್ತಿರವಿಲ್ಲದಿದ್ದರೆ ಆಗುವುದು ಮೂಗೇಟು, ಇದ್ದರೆ ಆಗುವುದು ಏನೆಂದು ಹೇಳಲಾಗದು. ನೀನು ಸಾಧು ಇರಬಹುದು, ನಿನ್ನ ಬ್ಯಾಗಿಗೆ ಕೈ ಹಾಕುವವನೂ ಸಾಧು ಎಂದು ಹೇಗೆ ನಂಬುವುದು? ಇಕೆದಾದ ಮಕ್ಕಳು ಚಾಕು ಬಳಸಿದ್ದು ಮೇಷ್ಟರೇ ಕೊಟ್ಟದ್ದರಿಂದ, ಅವರೇ ಕಲಿಸಿದ್ದರಿಂದ. ನಿನ್ನ ಶಾಲೆಯಲ್ಲಿ ಆ ಏರ್ಪಾಟಿಲ್ಲ.

ಎರಡನೆಯದು, ಕಾನೂನು. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳಂತೆ, ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವನ್ನು ಬಿಟ್ಟರೆ, 9 ಅಂಗುಲಕ್ಕಿಂತ ಉದ್ದದ ಇಲ್ಲವೇ 2 ಅಂಗುಲಕ್ಕಿಂತ ಅಗಲದ ಅಲಗು ಶಸ್ತ್ರದ ಪಟ್ಟಿಗೆ ಸೇರುತ್ತದೆ. ಅದಕ್ಕಿಂತ ಚಿಕ್ಕದೆಂದ ಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಒಯ್ಯಬಹುದೆಂದಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಚಾಕು ಒಯ್ಯುವಂತಿಲ್ಲ. ತಪಾಸಣೆಯ ಬಾಗಿಲಿರುವ ಕಡೆ ಚಾಕು ಸಿಕ್ಕರೆ ಕಳೆದುಕೊಂಡಂತೆಯೇ. ಹಿಗೊನೊಕಾಮಿ ಹುಟ್ಟಿದ ಜಪಾನಿನಲ್ಲಿಯೇ ಇಂದು ನಿಯಮ ಬಿಗಿ. ಸಕಾರಣವಿಲ್ಲದೆ 6 ಸೆಂಟಿಮೀಟರ್ ಮೀರಿದ ಅಲಗು ಒಯ್ಯುವಂತಿಲ್ಲ. ಮಡಿಸುವ ಚಾಕಾದರೆ ಅಲಗು 8 ಸೆಂಟಿಮೀಟರ್‌ವರೆಗೆ ಇರಬಹುದು, ಆದರೆ ಅದು ಕಿರಿದಾಗಿ, ತೆಳುವಾಗಿ ಇರಬೇಕು, ತೆರೆದ ಅಲಗನ್ನು ಬಿಗಿದು ನಿಲ್ಲಿಸುವ ಬೀಗವೂ ಇರಬಾರದು. ಇನ್ನೂ ಚಿಕ್ಕದನ್ನೂ ಕಾರಣವಿಲ್ಲದೆ ಬಚ್ಚಿಟ್ಟುಕೊಂಡು ತಿರುಗಿದರೆ ತಪ್ಪೇ. ಮಿಕ್ಕ ಕಡೆ ಬೀಗವಿದ್ದರೆ ಕ್ಷೇಮ ಎನ್ನುತ್ತಾರೆ, ಅಲ್ಲಿಯ ಕಾನೂನಿಗೆ ಬೀಗವೇ ಅನುಮಾನ!

ಮೂರನೆಯದು, ಜಾತ್ರೆಯ ಚಾಕು ಬಹುಮಟ್ಟಿಗೆ ಆಟದ ಸಾಮಾನು. ಮೊಳೆ ಸಡಿಲ, ಅಲಗು ಮೆದು. ಮೊಂಡು ಚಾಕಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರುವುದು. ಹರಿತ ಚಾಕಿಗಿಂತ ಮೊಂಡು ಚಾಕಿಗೇ ಹೆಚ್ಚು ಹೆದರಬೇಕು. 'ಟಾಮ್ ಸಾಯರ್' ಓದಿದ್ದರೆ ನೆನಪಿರಬಹುದು. ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದಕ್ಕೆ ಅವನ ಸೋದರಸಂಬಂಧಿ ಮೇರಿ ಒಂದು ಬಾರ್ಲೋ ಚಾಕು ಕೊಡುತ್ತಾಳೆ. ಅದು ಏನನ್ನೂ ಕೊಯ್ಯದಷ್ಟು ಮೊಂಡು. ಆದರೂ ಟಾಮ್‌ಗೆ ಸ್ವರ್ಗ ಸಿಕ್ಕಿದಷ್ಟು ಸಂತೋಷ, ಹೋಗಿ ಮನೆಯ ಬೀರುವಿನ ಮೇಲೆಯೇ ಗೀರು ಎಳೆಯುತ್ತಾನೆ. ಕೊಟ್ಟವರು ಕಲಿಸದಿದ್ದರೆ ಆಗುವುದು ಅದೇ.

ಮಕ್ಕಳಿಗೆಂದೇ ಮಾಡಿದ ಚಾಕುಗಳೂ ಇವೆ. ಒಪಿನೆಲ್‌ನವರು ಮಾಡುವ ಮಕ್ಕಳ ಚಾಕಿನ ತುದಿ ಚೂಪಿಲ್ಲ, ಗುಂಡಗಿದೆ. ಕತ್ತಿನಲ್ಲಿ ಬೀಗದ ಉಂಗುರ ಇದ್ದೇ ಇದೆ. ಮೊದಲ ಚಾಕಿಗೆ ಇಂಥದು ಮೇಲು. ಚಾಕು ಯಾವುದೇ ಆಗಲಿ, ಕೆಲಸ ಮುಗಿದ ಮೇಲೆ ಒರೆಸಿ ಒಣಗಿಸಬೇಕು. ಮಾವಿನಕಾಯಿ, ನಿಂಬೆಹಣ್ಣಿನ ಹುಳಿ ಬಿದ್ದರೆ ಸಾದಾ ಉಕ್ಕು ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ; ಕೆಂಪು ತುಕ್ಕಿಗೆ ಮಾತ್ರ ಜಾಗ ಕೊಡಬಾರದು. ಮೊಳೆಯ ಹತ್ತಿರ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸಾಕು. ಹಣ್ಣು ಕೊಯ್ಯುವ ಚಾಕಿಗೆ ಯಂತ್ರದ ಎಣ್ಣೆ ಬೇಡ. ಕೂಡಿಡುವ ಹವ್ಯಾಸದವರು ಹಳೆಯ ಚಾಕನ್ನು ಉಜ್ಜಿ ಉಜ್ಜಿ ಹೊಳೆಸಬಾರದು. ಆ ಕಪ್ಪಿನಲ್ಲಿ ಯಾರೋ ಐವತ್ತು ವರ್ಷ ಹಣ್ಣು ಕೊಯ್ದದ್ದಿದೆ. ಬುಡದಲ್ಲಿ ಒತ್ತಿದ ಮುದ್ರೆಯಲ್ಲಿ ಮಾಡಿದವನ ಊರಿದೆ. ಅಲಗು ಸವೆದು ಕಿರಿದಾಗಿದ್ದರೆ ಅದನ್ನು ಬಳಸಿದವನು ಸಾಣೆ ಹಿಡಿಯಲು ಬಲ್ಲವನಾಗಿದ್ದ ಎಂದು ತಿಳಿಯಬೇಕು. ನಾನು ಕೂಡಿಟ್ಟಿರುವುದು ಚಾಕುಗಳನ್ನು ಅನ್ನುವುದಕ್ಕಿಂತ ಹೀಗೆ ಕೈಯಿಂದ ಕೈಗೆ ಬಂದ ಅಭ್ಯಾಸಗಳನ್ನು ಎನ್ನಬೇಕು.

ಎಲ್ಲ ಹೇಳಿದ ಮೇಲೂ ತಾಯಿಯ ಮುಖ ಸಡಿಲವಾಗಿರಲಿಲ್ಲ. ಕೊನೆಗೆ ಕೇಳಿದೆ: "ತಂಗಿ, ನೀವು ಈಳಿಗೆಮಣೆ ಮುಂದೆ ಕೂತದ್ದು ಎಷ್ಟನೇ ವಯಸ್ಸಿಗೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಂಟೋ ಒಂಬತ್ತೋ ಇರಬೇಕು. ಅಜ್ಜಿ ಕೂರಿಸಿದ್ದು. ಮೊದಲು ಬೀನ್ಸ್ ಕೊಟ್ಟರು, ಆಮೇಲೆ ಬದನೆಕಾಯಿ. ಕುಂಬಳಕಾಯಿಗೆ ಮಾತ್ರ ಮದುವೆಯಾಗೋವರೆಗೂ ಬಿಡಲಿಲ್ಲ" ಎಂದು ನಕ್ಕರು.

"ಅಜ್ಜಿ ಮೊದಲು ಏನು ಹೇಳಿಕೊಟ್ಟರು?"

"ಏಳೋ ಮುಂಚೆ ಈಳಿಗೆ ಮಲಗಿಸಿ ಏಳು ಅಂತ. ಕತ್ತಿ ಯಾರಿಗೂ ಕೈಯಲ್ಲಿ ಕೊಡಬೇಡ, ಕೆಳಗಿಡು, ಅವರೇ ತಗೊಳ್ತಾರೆ ಅಂತ."

ಮಿಕಿಯ ಕಮ್ಮಾರರಿಗೂ ಇಕೆದಾದ ಮೇಷ್ಟರಿಗೂ ತಿಳಿದಿದ್ದ ವಿದ್ಯೆ ನಮ್ಮ ಪಕ್ಕದ ಮನೆಯ ಅಡುಗೆಕೋಣೆಯಲ್ಲಿ ಮೊದಲೇ ಇತ್ತು. ಹೆಣ್ಣುಮಗಳಿಗೆ ಎಂಟನೆಯ ವಯಸ್ಸಿಗೆ ಈಳಿಗೆಯನ್ನು ನಂಬಿ ಕೊಟ್ಟ ಮನೆ, ಗಂಡುಮಗನ ಕೈಯಲ್ಲಿ ಬೆರಳುದ್ದದ ಅಲಗು ಕಂಡು ಹೆದರಿತ್ತು. ಕಾರಣವೇನೆಂದರೆ, ಅವಳಿಗೆ ಕಲಿಸುವ ಅಜ್ಜಿ ಪಕ್ಕದಲ್ಲಿದ್ದಳು. ಇವನಿಗೆ ಕಲಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಮಕ್ಕಳ ಕೈಯಿಂದ ಚಾಕು ಕಿತ್ತುಕೊಳ್ಳುವುದು ಒಂದು ನಿಮಿಷದ ಕೆಲಸ, ಕಲಿಸುವುದಕ್ಕೆ ತಿಂಗಳುಗಟ್ಟಲೆ ಪಕ್ಕದಲ್ಲಿ ಕೂರಬೇಕು. ನಾವು ಬಹಳ ಸಲ ಮೊದಲನೆಯದನ್ನು ಆರಿಸಿಕೊಳ್ಳುವುದು ಭಯದಿಂದಲೋ, ಬಿಡುವಿಲ್ಲದ್ದರಿಂದಲೋ ಎಂದು ತಂದೆತಾಯಂದಿರು ಒಮ್ಮೆ ಕೇಳಿಕೊಳ್ಳಬೇಕು.

ಅಂದು ತೀರ್ಮಾನ ನಾನು ಹೇಳಲಿಲ್ಲ, ಅವರೇ ಹೇಳಿದರು. ಮೀನಿನ ಚಾಕು ಅಡುಗೆಮನೆಯ ನಾಗಂದಿಗೆಯಲ್ಲಿ ಇರತಕ್ಕದ್ದು. ಭಾನುವಾರ ಬೆಳಿಗ್ಗೆ ತಾಯಿ ತರಕಾರಿ ಹೆಚ್ಚುವ ಹೊತ್ತಿಗೆ ಅದು ಕೆಳಗಿಳಿಯುತ್ತದೆ. ಹುಡುಗ ಪಕ್ಕದಲ್ಲಿ ಕೂತು ವಾರದ ಪೆನ್ಸಿಲ್ಲುಗಳನ್ನೆಲ್ಲ ಕೆತ್ತಿಕೊಳ್ಳಬೇಕು. ಹೊರಡುವ ಮುಂಚೆ ಹುಡುಗ ಚಾಕನ್ನು ಮಡಿಚಿ ತಾಯಿಯ ಕಡೆ ಚಾಚಿದ. ಅವರು ಕೈ ನೀಡಲಿಲ್ಲ. ಒಂದು ಕ್ಷಣ ತಡೆದು ಅವನೇ ಜಗುಲಿಯ ಮೇಲಿಟ್ಟ. ಆಗ ಎತ್ತಿಕೊಂಡರು.

ಮೂರು ವಾರ ಕಳೆದ ಮೇಲೆ ಹುಡುಗ ಒಂದು ಪೆನ್ಸಿಲ್ ತಂದು ತೋರಿಸಿದ. ಕೆತ್ತನೆ ಸೊಟ್ಟಗಿತ್ತು, ಸೀಸ ಒಂದು ಮಗ್ಗುಲಿಗೆ ವಾಲಿತ್ತು. ಎಡಗೈಯ ತೋರುಬೆರಳಿಗೆ ಅರಿಸಿನ ಮೆತ್ತಿದ ಬಟ್ಟೆ ಸುತ್ತಿತ್ತು.

"ಅಮ್ಮ ಏನಂದರು?" ಎಂದು ಕೇಳಿದೆ.

"ಬೆರಳು ಎಲ್ಲಿತ್ತು ಅಂತ ಕೇಳಿದರು ಮಾಮ. ತೋರಿಸಿದೆ. ಹೀಗಲ್ಲ, ಹೀಗೆ ಅಂತ ಹೇಳಿಕೊಟ್ಟರು."